ಮುಖ್ಯೋಪಾಧ್ಯಾಯರ ಲೆಕ್ಕ ನೋಡುವವರು ಯಾರು?

ನಿಮ್ಮ ಮಕ್ಕಳು ಓದುವ ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಗೆ ನೀವು ಒಮ್ಮೆಯಾದರೂ ಹೋಗಿರುತ್ತೀರಿ. ವರ್ಗಾವಣೆ ಪತ್ರಕ್ಕೋ, ಶುಲ್ಕ ಕಟ್ಟಲು ನಾಲ್ಕು ದಿನ ಅವಧಿ ಕೇಳುವುದಕ್ಕೋ ಹೋಗಿ ಮೇಜಿನ ಈಚೆ ಬದಿಯಲ್ಲಿ ನಿಂತಿರುತ್ತೀರಿ. ಮುಂದಿನ ಸಲ ಹೋದಾಗ ಅವರ ಬೆನ್ನ ಹಿಂದಿನ ಕಪಾಟನ್ನು ಸ್ವಲ್ಪ ಗಮನಿಸಿ. ಮಕ್ಕಳ ಹಾಜರಿ ಪುಸ್ತಕ, ಶಿಕ್ಷಕರ ಹಾಜರಿ ಪುಸ್ತಕ, ದಾಖಲಾತಿ ವಹಿ, ನಗದು ಪುಸ್ತಕ, ದಾಸ್ತಾನು ವಹಿ, ಸಭೆಗಳ ನಡವಳಿ ಎಲ್ಲವೂ ಅಲ್ಲಿವೆ. ಸರ್ಕಾರಿ ಶಾಲೆಯಾದರೆ ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕವೂ ಇದೆ. ಯಾವ ಮಗು ಎಷ್ಟು ದಿನ ಬಂದಿಲ್ಲ, ಯಾವ ಮೇಷ್ಟ್ರು ಎಷ್ಟು ರಜೆ ಹಾಕಿದ್ದಾರೆ, ಎಷ್ಟು ಬೆಂಚುಗಳು ಮುರಿದಿವೆ ಎಂಬುದಕ್ಕೆಲ್ಲ ದಾಖಲೆ ಇದೆ. ಆದರೆ ಆ ಕುರ್ಚಿಯಲ್ಲಿ ಕುಳಿತವರು ಇಂದು ಯಾರ ಮಾತನ್ನು ಕೇಳದೆಯೇ ತೀರ್ಪು ಕೊಟ್ಟರು, ಯಾವ ಮಗುವಿನ ಮನಸ್ಸನ್ನು ಮುರಿದರು ಎಂದು ಬರೆದಿಡುವ ಪುಸ್ತಕ ಮಾತ್ರ ಅಲ್ಲಿಲ್ಲ.

ವಿದ್ಯಾರ್ಥಿ ತಪ್ಪಿದರೆ ಶಿಕ್ಷಕರು ತಿದ್ದುತ್ತಾರೆ. ಶಿಕ್ಷಕರು ತಪ್ಪಿದರೆ ಮುಖ್ಯೋಪಾಧ್ಯಾಯರು ಕರೆದು ಹೇಳುತ್ತಾರೆ. ಮುಖ್ಯೋಪಾಧ್ಯಾಯರೇ ತಪ್ಪಿದರೆ? ಶಿಕ್ಷಣ ಇಲಾಖೆಯವರು ಬಂದರೆ ಕಪಾಟಿನಲ್ಲಿರುವ ಪುಸ್ತಕಗಳನ್ನೇ ನೋಡುತ್ತಾರೆ. ಸಹಶಿಕ್ಷಕರಿಗೆ ಮಾತನಾಡಲು ಅಂಜಿಕೆ, ಏಕೆಂದರೆ ಅವರ ರಜೆಗೆ ಸಹಿ ಹಾಕುವವರು ಇವರೇ. ಹೆತ್ತವರಿಗಂತೂ ಮಗು ಆ ಗೇಟಿನ ಒಳಗಿದೆ ಎಂಬ ಭಯ. ಹೀಗಾಗಿ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಧಿಕಾರವಿರುವವರಿಗೆ ಎಲ್ಲರಿಗಿಂತ ಕಡಿಮೆ ತಿದ್ದುಪಡಿ ಸಿಗುತ್ತದೆ. ಉಳಿಯುವುದು ಒಂದೇ ದಾರಿ. ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದು.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆರೋಪಿಯೂ ತಾನೇ, ನ್ಯಾಯಾಧೀಶನೂ ತಾನೇ ಆದರೆ ಆ ನ್ಯಾಯಾಲಯದಲ್ಲಿ ಯಾರಿಗಾದರೂ ಶಿಕ್ಷೆಯಾದೀತೇ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಆತ್ಮ ವಿಚಾರಣೆ ನಮಗೆ ಹೊಸ ಮಾತಲ್ಲ. ಪ್ರತಿಯೊಬ್ಬನೂ ನಾಳೆಗಾಗಿ ತಾನು ಮುಂದೆ ಏನನ್ನು ಕಳುಹಿಸಿದ್ದೇನೆಂದು ನೋಡಿಕೊಳ್ಳಬೇಕೆಂದು ಪವಿತ್ರ ಕುರ್‌ಆನಿನ ಅಲ್ ಹಶ್ರ್ ಅಧ್ಯಾಯದ 18ನೇ ಸೂಕ್ತ ಸತ್ಯವಿಶ್ವಾಸಿಗಳಿಗೆ ಆದೇಶಿಸುತ್ತದೆ. ಅಲ್ ಕಿಯಾಮಃ ಅಧ್ಯಾಯದ ಆರಂಭದಲ್ಲಿ ಅಲ್ಲಾಹನು ತನ್ನನ್ನು ತಾನೇ ದೂಷಿಸಿಕೊಳ್ಳುವ ಆತ್ಮದ ಮೇಲೆ ಆಣೆ ಹಾಕಿದ್ದಾನೆ. ನಿಮ್ಮ ವಿಚಾರಣೆ ನಡೆಯುವ ಮುನ್ನ ನೀವೇ ನಿಮ್ಮನ್ನು ವಿಚಾರಿಸಿಕೊಳ್ಳಿರಿ ಎಂಬರ್ಥದ ಹಝ್ರತ್ ಉಮರ್(ರ)ರವರ ಉಪದೇಶವನ್ನು ಜುಮಾ ಖುತ್ಬಾಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಪ್ರತಿಯೊಬ್ಬನೂ ಕುರುಬನಿದ್ದಂತೆ, ತನ್ನ ಮಂದೆಯ ಬಗ್ಗೆ ಅವನು ಉತ್ತರ ಕೊಡಬೇಕಾಗಿದೆ ಎಂಬ ಪ್ರವಾದಿ(ಸ)ವರ್ಯರ ವಚನದ ಆಶಯವೂ ನಮಗೆ ಬಾಯಿಪಾಠ. ಮುನ್ನೂರು ಮಕ್ಕಳ ಶಾಲೆಯನ್ನು ನಡೆಸುವವರ ಮಂದೆ ಎಷ್ಟು ದೊಡ್ಡದೆಂದು ನೀವೇ ಯೋಚಿಸಿ.

ಮುನ್ನೂರು ಎಂದಾಗ ಇಮಾಮ್ ಗಝಾಲಿ(ರ) ನೆನಪಾಗುತ್ತಾರೆ. ಅವರನ್ನು ನಾವು ಮಹಾ ವಿದ್ವಾಂಸರೆಂದು ಬಲ್ಲೆವು. ಆದರೆ ಅವರು ತಮ್ಮ ಕಾಲದ ಅತಿ ದೊಡ್ಡ ವಿದ್ಯಾಲಯವೊಂದರ ಪ್ರಧಾನ ಅಧ್ಯಾಪಕರೂ ಆಗಿದ್ದರು ಎಂಬುದನ್ನು ಮರೆಯುತ್ತೇವೆ. 1091ರಲ್ಲಿ ವಝೀರ ನಿಝಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ನಿಝಾಮಿಯಾ ಮದ್ರಸಕ್ಕೆ ನೇಮಿಸಿದರು. ಆಗ ಅವರ ವಯಸ್ಸು ಮೂವತ್ತಮೂರರ ಆಸುಪಾಸು. (ನನ್ನ ವಯಸ್ಸು! ನನಗೆ ಇನ್ನೂ ಏಳನೇ ತರಗತಿಯ ಉತ್ತರ ಪತ್ರಿಕೆ ತಿದ್ದುವುದೇ ಮುಗಿದಿಲ್ಲ.) ಅವರ ಪಾಠ ಕೇಳಲು ಮುನ್ನೂರು ವಿದ್ಯಾರ್ಥಿಗಳು ಸೇರುತ್ತಿದ್ದರೆಂದು ಅವರೇ ಬರೆದಿದ್ದಾರೆ. ಕೀರ್ತಿ, ಸಂಬಳ, ಆಸ್ಥಾನದ ಗೌರವ ಯಾವುದಕ್ಕೂ ಕೊರತೆಯಿರಲಿಲ್ಲ. ಆಗ ಅವರು ತಮ್ಮನ್ನು ತಾವೇ ಕೇಳಿಕೊಂಡರು, ನಾನು ಪಾಠ ಹೇಳುತ್ತಿರುವುದು ಯಾರಿಗಾಗಿ? ಉತ್ತರ ಹಿತವಾಗಿರಲಿಲ್ಲ. ಅದು ಅಲ್ಲಾಹನಿಗಾಗಿ ಅಲ್ಲ, ಹೆಸರಿಗಾಗಿ ಎಂದು ಅವರಿಗೆ ಕಂಡಿತು. ಸುಮಾರು ಆರು ತಿಂಗಳು ಬಿಡಲಾರದೆ ಹಿಡಿಯಲಾರದೆ ತೊಳಲಾಡಿದರು. ಕೊನೆಗೆ ಪಾಠ ಹೇಳಲು ಕುಳಿತರೆ ನಾಲಿಗೆಯೇ ಹೊರಳದಾಯಿತು. ವೈದ್ಯರು ಕೈಚೆಲ್ಲಿದರು. 1095ರಲ್ಲಿ ಅವರು ಬಗ್ದಾದನ್ನು ಬಿಟ್ಟು ಹೊರಟರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ, ಕುರ್ಚಿ ಬಿಡುವುದೇ ದೊಡ್ಡ ತ್ಯಾಗ ಎಂಬಂತೆ. ಆದರೆ 1106ರಲ್ಲಿ ಅವರು ನೈಶಾಪುರದಲ್ಲಿ ಮತ್ತೆ ಪಾಠಪೀಠ ಏರಿದರು. ಮೊದಲು ಸ್ಥಾನಮಾನ ಗಳಿಸಿಕೊಡುವ ವಿದ್ಯೆಯನ್ನು ಕಲಿಸುತ್ತಿದ್ದೆ, ಈಗ ಸ್ಥಾನಮಾನವನ್ನು ಬಿಡಿಸುವ ವಿದ್ಯೆಯನ್ನು ಕಲಿಸುತ್ತೇನೆ ಎಂಬರ್ಥದಲ್ಲಿ ಅವರು ಅದನ್ನು ವಿವರಿಸಿದ್ದಾರೆ. ನನಗೆ ಹೊರಟು ಹೋದ ಗಝಾಲಿಯವರಿಗಿಂತ ಮರಳಿ ಬಂದ ಗಝಾಲಿಯವರೇ ಹೆಚ್ಚು ಬೇಕು. ನಮ್ಮ ಮುಖ್ಯೋಪಾಧ್ಯಾಯರೆಲ್ಲ ರಾಜೀನಾಮೆ ಕೊಟ್ಟು ಹೊರಟರೆ ಶಾಲೆಯ ಬಾಗಿಲು ತೆರೆಯುವವರು ಯಾರು?

ಅವರ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದ ನಲವತ್ತು ಭಾಗಗಳಲ್ಲಿ ಮೂವತ್ತೆಂಟನೆಯದು ಈ ಆತ್ಮ ವಿಚಾರಣೆಯ ಬಗ್ಗೆಯೇ ಇದೆ. ಅಲ್ಲಿ ಅವರು ಮನಸ್ಸನ್ನು ವ್ಯಾಪಾರದ ಪಾಲುದಾರನಿಗೆ ಹೋಲಿಸುತ್ತಾರೆ. ಬಂಡವಾಳ ಕೊಡುವ ಮೊದಲು ಬೆಳಿಗ್ಗೆಯೇ ಷರತ್ತು ಹಾಕಬೇಕು, ದಿನವಿಡೀ ಕಣ್ಣಿಟ್ಟಿರಬೇಕು, ಸಂಜೆ ಕುಳಿತು ಲೆಕ್ಕ ಕೇಳಬೇಕು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಸಹೋದರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಲಾಪೆಟ್ಟಿಗೆ ಎಣಿಸದೆ ಅವರು ಶಟರ್ ಎಳೆಯುವುದಿಲ್ಲ.

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ.

ಸವಳಂಗ ರಸ್ತೆಯ ಕಡೆಯ ಒಂದು ಶಾಲೆಯಲ್ಲಿ ನಾನು ಶಿಕ್ಷಕ. ಕೆಲವು ವರ್ಷಗಳ ಹಿಂದೆ ಮುಖ್ಯೋಪಾಧ್ಯಾಯರು ನಿವೃತ್ತರಾದಾಗ ಹೊಸಬರು ಬರುವವರೆಗೆ ಎಂದು ಎಂಟು ತಿಂಗಳು ಪ್ರಭಾರ ನನ್ನ ಹೆಗಲಿಗೆ ಬಿತ್ತು. ಆಗ ಆ ರಸ್ತೆಯಲ್ಲಿ ರೈಲ್ವೆ ಮೇಲ್ಸೇತುವೆ ಇರಲಿಲ್ಲ. ಗೇಟು ಬಿದ್ದರೆ ಬಸ್ಸು, ಆಟೊ, ಸೈಕಲ್ಲು, ಆಂಬುಲೆನ್ಸು ಎಲ್ಲವೂ ಸಾಲಾಗಿ ನಿಲ್ಲಬೇಕಿತ್ತು. ನಾನು ಶಿಸ್ತು ತರಬೇಕೆಂದು ಹೊರಟೆ. ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಶಾಲೆಯ ಗೇಟಿಗೆ ಬೀಗ. ವಾರದಲ್ಲಿ ಮೂರು ಸಲ ತಡವಾದರೆ ತಂದೆಯನ್ನು ಕರೆತರಬೇಕು. ತಿಂಗಳೊಳಗೆ ತಡವಾಗಿ ಬರುವವರ ಸಂಖ್ಯೆ ಇಳಿಯಿತು. ಆಡಳಿತ ಸಮಿತಿಯ ಸಭೆಯಲ್ಲಿ ಹೊಗಳಿದರು. ಹೆತ್ತವರೂ ಮೆಚ್ಚಿದರು. ‘ಹಡ್ಡಿ ಹಮಾರಿ, ಚಮಡಿ ತುಮಾರಿ’ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರಲ್ಲ. ಮೂಳೆ ನಮ್ಮದು, ಚರ್ಮ ನಿಮ್ಮದು ಎಂದು ಮಗುವನ್ನು ಒಪ್ಪಿಸುವ ಆ ಮಾತು ನನಗೆ ಆಗ ಪ್ರಶಸ್ತಿಯಂತೆ ಕೇಳಿಸುತ್ತಿತ್ತು.

ಏಳನೇ ತರಗತಿಯ ಒಬ್ಬ ಹುಡುಗ ಒಂದೇ ವಾರದಲ್ಲಿ ಮೂರು ಸಲ ತಡವಾಗಿ ಬಂದ. ಮೂರನೆಯ ದಿನ ಪ್ರಾರ್ಥನೆಯ ಸಾಲಿನಲ್ಲಿದ್ದ ಅಷ್ಟೂ ಮಕ್ಕಳ ಎದುರು ಅವನನ್ನು ನಿಲ್ಲಿಸಿ, “ನಿನ್ನಂಥವರಿಂದಲೇ ನಮ್ಮ ಸಮುದಾಯ ಹಿಂದುಳಿದಿರುವುದು. ಹೋಗು, ನಿನ್ನ ಅಬ್ಬಾನನ್ನು ಕರೆದುಕೊಂಡು ಬಾ” ಎಂದೆ. ಕೈ ಎತ್ತಲಿಲ್ಲ, ಅಷ್ಟು ಕಾನೂನು ನನಗೆ ಗೊತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ ಎಂಬುದೂ ಗೊತ್ತಿತ್ತು. ಆದರೆ ನನ್ನ ಮಾತು ಹಿಂಸೆಯೆಂದು ನನಗೆ ಅನಿಸಲೇ ಇಲ್ಲ. ಉಪದೇಶವೆಂದುಕೊಂಡಿದ್ದೆ.

ಹುಡುಗ ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ನಮ್ಮ ಶಾಲೆಯ ಆಯಾ, ಮಕ್ಕಳೆಲ್ಲ ‘ಖಾಲಾ’ ಎಂದು ಕರೆಯುವ ಹಿರಿಯ ಹೆಂಗಸು, ನನ್ನ ಕೋಣೆಗೆ ಬಂದು ಬಾಗಿಲ ಬಳಿ ನಿಂತರು. “ಸಾರ್, ಆ ಹುಡುಗನಿಗೆ ಅಬ್ಬಾ ಇಲ್ಲ. ತೀರಿಕೊಂಡು ಎರಡು ವರ್ಷ ಆಯಿತು. ಅಮ್ಮಿ ಬೆಳಿಗ್ಗೆ ಮನೆಕೆಲಸಕ್ಕೆ ಹೋಗ್ತಾರೆ. ಇವನೇ ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರಬೇಕು. ಗೇಟು ಬಿದ್ದರೆ ತಡ ಆಗುತ್ತೆ” ಎಂದರು.

ಅವರು ಹೋದ ಮೇಲೆ ನಾನು ಎದ್ದು ಕಪಾಟಿನಿಂದ ದಾಖಲಾತಿ ವಹಿ ತೆಗೆದು ನೋಡಿದೆ. ಪೋಷಕರ ಹೆಸರಿನ ಕಡೆ ತಾಯಿಯ ಹೆಸರಿತ್ತು. ತಂದೆಯ ಹೆಸರಿನ ಮುಂದೆ ‘ದಿವಂಗತ’ ಎಂದು ಬರೆದಿತ್ತು. ಬರಹ ನನ್ನದೇ.

ಅಂದು ರಾತ್ರಿ ಇಶಾ ನಮಾಝಿನ ನಂತರ ಕುಳಿತೆ. ಆತ್ಮ ವಿಚಾರಣೆ ಎಂದರೇನೆಂದು ಮದ್ರಸದಲ್ಲಿ ಕಲಿತವನಲ್ಲವೇ ನಾನು! ಆದರೆ ಅಲ್ಲಿ ನಡೆದದ್ದು ವಿಚಾರಣೆಯಲ್ಲ, ವಕಾಲತ್ತು. ನಿಯಮ ಎಲ್ಲರಿಗೂ ಒಂದೇ ಅಲ್ಲವೇ? ಒಬ್ಬನಿಗೆ ಬಿಟ್ಟರೆ ನಾಳೆ ಹತ್ತು ಜನ ಬರುವುದಿಲ್ಲವೇ? ನನ್ನ ನಿಯ್ಯತ್ತು ಒಳ್ಳೆಯದೇ ಇತ್ತಲ್ಲ? ಹುಡುಗನಾದರೂ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ? ಮೂರು ರಾತ್ರಿ ಈ ವಾದ ನಡೆಯಿತು. ಮೂರು ರಾತ್ರಿಯೂ ನಾನೇ ಗೆದ್ದೆ. ನಾನು ಮೊದಲು ಕೇಳಿದ ಪ್ರಶ್ನೆ ಆಗ ಹುಟ್ಟಿದ್ದು. ತನ್ನ ನ್ಯಾಯಾಲಯದಲ್ಲಿ ತಾನು ಸೋಲುವುದು ಅಷ್ಟು ಸುಲಭವಲ್ಲ. ಅದರಲ್ಲೂ ಬಲ್ಲವರಿಗೆ ಇನ್ನೂ ಕಷ್ಟ, ಅವರ ಬಳಿ ವಾದಗಳು ಹೆಚ್ಚಿರುತ್ತವೆ.

ಆ ವಾದವನ್ನು ನಿಲ್ಲಿಸಿದ್ದು ನನ್ನ ಮನಸ್ಸಲ್ಲ, ಬಾಲ್ಯದಲ್ಲಿ ಕಲಿತ ಒಂದು ಸರಳ ಪಾಠ. ಅಲ್ಲಾಹನ ಹಕ್ಕಿನಲ್ಲಿ ತಪ್ಪಿದರೆ ಅವನ ಮುಂದೆ ಪಶ್ಚಾತ್ತಾಪ ಪಡಬಹುದು. ಆದರೆ ಹುಕೂಕುಲ್ ಇಬಾದ್, ಅಂದರೆ ಅವನ ದಾಸರ ಹಕ್ಕುಗಳಲ್ಲಿ ತಪ್ಪಿದರೆ ಆ ದಾಸನ ಬಳಿಗೇ ಹೋಗಬೇಕು. ಮುಸಲ್ಲಾದ ಮೇಲೆ ಕುಳಿತು ಎಷ್ಟು ಅತ್ತರೂ ಪಕ್ಕದ ಮನೆಯವರ ಸಾಲ ತೀರುವುದಿಲ್ಲ. ಹಾಗಾದರೆ ಆ ಹುಡುಗನ ಲೆಕ್ಕ ನನ್ನ ಕೋಣೆಯಲ್ಲೂ, ನನ್ನ ಎದೆಯಲ್ಲೂ ಇರಲಿಲ್ಲ. ಅದು ರೈಲ್ವೆ ಗೇಟಿನ ಆಚೆ ಅವನ ಮನೆಯಲ್ಲಿತ್ತು.

ಹೋದೆ. ತಾಯಿ ಬಾಗಿಲ ಪರದೆಯ ಹಿಂದಿನಿಂದಲೇ ಮಾತನಾಡಿದರು. ನಾನು ತಪ್ಪಾಯಿತೆಂದು ಹೇಳುವ ಮೊದಲೇ, “ನೀವು ಉಸ್ತಾದರು, ನಿಮ್ಮ ಬೈಗುಳವೂ ನಮಗೆ ದುಆ” ಎಂದುಬಿಟ್ಟರು. ಹುಡುಗ ಗೋಡೆಗೆ ಒರಗಿ ನಿಂತಿದ್ದ. “ಮಾಫ್ ಮಾಡ್ತೀಯಾ ಬೇಟಾ?” ಎಂದು ಕೇಳಿದೆ. ತಲೆಯಾಡಿಸಿದ. ಹಗುರಾಗಿ ಮನೆಗೆ ಬಂದೆ. ಆದರೆ ಆ ಹಗುರ ಬಹಳ ಹೊತ್ತು ಉಳಿಯಲಿಲ್ಲ. ನೀವೇ ಹೇಳಿ, ಹೆಡ್‌ಮಾಸ್ಟರು ಮನೆ ಬಾಗಿಲಿಗೆ ಬಂದು ತಾಯಿಯ ಎದುರು ಕೇಳಿದರೆ ಹನ್ನೆರಡು ವರ್ಷದ ಮಗು ತಲೆಯಾಡಿಸದೆ ಇನ್ನೇನು ಮಾಡೀತು? ಇಲ್ಲ ಎನ್ನುವ ಅಧಿಕಾರ ಇಲ್ಲದವರು ಕೊಟ್ಟ ಕ್ಷಮೆಯನ್ನು ಕ್ಷಮೆ ಎಂದು ಲೆಕ್ಕಕ್ಕೆ ಹಿಡಿಯಬಹುದೇ? ಅಲ್ಲಿಗೂ ನಾನು ಕುರ್ಚಿಯನ್ನು ಹೊತ್ತುಕೊಂಡೇ ಹೋಗಿದ್ದೆ.

ಮರುದಿನ ಪ್ರಾರ್ಥನೆಯಲ್ಲಿ ಮಕ್ಕಳ ಮುಂದೆ ನಿಂತು, ಕಳೆದ ವಾರ ಇದೇ ಜಾಗದಲ್ಲಿ ನಾನು ಒಬ್ಬ ವಿದ್ಯಾರ್ಥಿಗೆ ಆಡಬಾರದ ಮಾತು ಆಡಿದೆ, ಅವನ ತೊಂದರೆ ಏನೆಂದು ಕೇಳಲಿಲ್ಲ, ಅದು ನನ್ನ ತಪ್ಪು ಎಂದು ಹೇಳಿದೆ. ಹೆಸರು ಹೇಳಲಿಲ್ಲ. ಹೇಳಿದ್ದರೆ ಅವನನ್ನು ಇನ್ನೊಮ್ಮೆ ಎಲ್ಲರ ಮುಂದೆ ನಿಲ್ಲಿಸಿದಂತಾಗುತ್ತಿತ್ತು. ಹಿರಿಯ ಶಿಕ್ಷಕರೊಬ್ಬರಿಗೆ ಇದು ಸರಿ ಕಾಣಲಿಲ್ಲ. “ಮಕ್ಕಳ ಮುಂದೆ ಹೆಡ್‌ಮಾಸ್ಟರೇ ತಪ್ಪು ಒಪ್ಪಿಕೊಂಡರೆ ನಾಳೆ ನಮ್ಮ ಮಾತು ಯಾರು ಕೇಳ್ತಾರೆ?” ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ದಿನಕ್ಕೊಂದು ಕ್ಷಮೆ ಕೇಳುವ ಮುಖ್ಯೋಪಾಧ್ಯಾಯರಿಗೂ ಯಾರೂ ಬೆಲೆ ಕೊಡುವುದಿಲ್ಲ. ಆದರೆ ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ಪಡೆಯಬೇಕು ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಗೇಟಿನ ನಿಯಮವನ್ನೂ ಬದಲಿಸಿದೆವು. ರೈಲು ಬಂದ ದಿನ ಬೀಗ ಹಾಕುವ ಹಾಗಿಲ್ಲ. ತಡವಾಗಿ ಬಂದ ಮಗುವನ್ನು ಮೊದಲು ಒಳಗೆ ಕರೆದುಕೊಳ್ಳುವುದು, ಕಾರಣವನ್ನು ಆಮೇಲೆ ಒಬ್ಬಂಟಿಯಾಗಿ ಕೇಳುವುದು.

ಗೇಟಿನ ವಿಷಯ ಬಂದಾಗ ಇತಿಹಾಸಕಾರರು ಹೇಳುವ ಒಂದು ಘಟನೆ ನೆನಪಾಗುತ್ತದೆ. ಕೂಫಾದ ಗವರ್ನರಾಗಿದ್ದ ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಸಂತೆಯ ಗದ್ದಲ ತಡೆಯಲಾರದೆ ತಮ್ಮ ಭವನಕ್ಕೆ ಬಾಗಿಲು ಹಾಕಿಸಿದರು. ಜನರು ಅದನ್ನು ಸಅದರ ಅರಮನೆ ಎನ್ನತೊಡಗಿದರು. ಸುದ್ದಿ ಮದೀನಕ್ಕೆ ಮುಟ್ಟಿದಾಗ ಖಲೀಫಾ ಉಮರ್(ರ) ಮುಹಮ್ಮದ್ ಬಿನ್ ಮಸ್ಲಮಾ(ರ)ರನ್ನು ಕಳುಹಿಸಿ ಆ ಬಾಗಿಲನ್ನೇ ಸುಡಿಸಿದರು. ಸಅದ್(ರ) ಸಾಮಾನ್ಯರಲ್ಲ, ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರು. ಅಂಥವರಿಗೂ ಆತ್ಮ ವಿಚಾರಣೆಯೊಂದೇ ಸಾಕೆಂದು ಉಮರ್(ರ) ಬಿಡಲಿಲ್ಲ, ಹೊರಗಿನಿಂದ ನೋಡುವ ಕಣ್ಣೊಂದನ್ನು ಇಟ್ಟರು. ನನ್ನ ವಿಷಯದಲ್ಲಿ ಆ ಕಣ್ಣು ಖಾಲಾ ಆಗಿದ್ದರು. ಅವರು ಅಂದು ಬಾಗಿಲ ಬಳಿ ಬಂದು ನಿಲ್ಲದಿದ್ದರೆ ನನ್ನ ನ್ಯಾಯಾಲಯ ಸೇರುತ್ತಲೇ ಇರಲಿಲ್ಲ. ಅವರು ಬಾಯಿ ಬಿಡಲು ಐದು ದಿನ ಏಕೆ ಹಿಡಿಯಿತು ಎಂಬುದು ನನ್ನ ಲೆಕ್ಕದಲ್ಲಿ ಬರೆಯಬೇಕಾದ ಇನ್ನೊಂದು ಸಾಲು.

ಇನ್ನು ಮೇಲಿನಿಂದ ಆದೇಶ ಬಂದಾಗ? ನಾನೇನು ಮಾಡಲಿ, ನಿಯಮ ನನ್ನದಲ್ಲ ಎನ್ನುವುದು ಮುಖ್ಯೋಪಾಧ್ಯಾಯರ ದೊಡ್ಡ ಆಸರೆ. 2022ರ ಫೆಬ್ರವರಿ ನಿಮಗೆ ನೆನಪಿದೆ. 5ರಂದು ಸಮವಸ್ತ್ರದ ಕುರಿತು ಸರ್ಕಾರದ ಆದೇಶ, 10ರಂದು ಹೈಕೋರ್ಟಿನ ಮಧ್ಯಂತರ ಆದೇಶ, 14ರಂದು ಪ್ರೌಢಶಾಲೆಗಳು ತೆರೆದಾಗ ಗೇಟುಗಳ ಮುಂದೆ ಕ್ಯಾಮರಾಗಳು. ಹೈಕೋರ್ಟು ಮಾರ್ಚ್ 15ರಂದು ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೇ ಭಿನ್ನಾಭಿಪ್ರಾಯ ಬಂದಿತು. ಆ ವಾದವನ್ನು ಇಲ್ಲಿ ಎತ್ತುವುದು ನನ್ನ ಉದ್ದೇಶವಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಆದೇಶ ಒಂದೇ ಇದ್ದಿರಬಹುದು, ಆದರೆ ಹೆಣ್ಣುಮಗುವನ್ನು ರಸ್ತೆಯಲ್ಲಿ ಕ್ಯಾಮರಾ ಮುಂದೆ ನಿಲ್ಲಿಸಿ ಹೇಳುವುದೋ, ಒಳಗೆ ಕೂರಿಸಿ ಅವಳ ಮಾತು ಕೇಳಿ, ತನಗೆ ಸಾಧ್ಯವಿರುವುದೆಷ್ಟು ಎಂದು ತಿಳಿಸುವುದೋ ಎಂಬುದು ಯಾವ ಆದೇಶದಲ್ಲೂ ಬರೆದಿರಲಿಲ್ಲ. ದನಿ ಎಷ್ಟು ಎತ್ತಬೇಕು, ಯಾವ ಮಾತು ಬಳಸಬೇಕು, ಬರದೇ ಹೋದ ಮಗುವಿನ ಮನೆಗೆ ಯಾರನ್ನು ಕಳುಹಿಸಬೇಕು ಎಂಬುದೆಲ್ಲ ಪ್ರಾಂಶುಪಾಲರ ಕೈಯಲ್ಲೇ ಇತ್ತು. ಆ ದಿನಗಳ ರಾತ್ರಿಗಳಲ್ಲಿ ಕೆಲವರಾದರೂ ನಿದ್ದೆ ಬಾರದೆ ಕುಳಿತಿದ್ದಿರಬೇಕು ಎಂದು ನಾನು ನಂಬುತ್ತೇನೆ.

ಆದರೆ ಈ ಮಾತನ್ನು ಇತರರ ಬಗ್ಗೆ ಹೇಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಸಮುದಾಯವೇ ನಡೆಸುವ ಶಾಲೆಗಳಲ್ಲಿ ಶುಲ್ಕ ಬಾಕಿ ಇರುವ ಮಗುವನ್ನು ಪರೀಕ್ಷೆಯ ದಿನ ತರಗತಿಯಿಂದ ಎಬ್ಬಿಸಿ ಹೊರಗೆ ನಿಲ್ಲಿಸಿದ ಸಂಗತಿ ನಿಮ್ಮಲ್ಲಿ ಯಾರೂ ಕೇಳಿಲ್ಲವೇ? ಶಿಕ್ಷಣ ಹಕ್ಕು ಕಾಯ್ದೆ ತನ್ನ ವ್ಯಾಪ್ತಿಯ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದು ಸಮಿತಿ ಇರಬೇಕು, ಅದರಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು ಎನ್ನುತ್ತದೆ. ಆದರೆ ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ಹೇಳಿತು. 2025ರಲ್ಲಿ ಇನ್ನೊಂದು ಪೀಠ ಆ ತೀರ್ಪಿನ ಮರುಪರಿಶೀಲನೆ ಆಗಬೇಕೆಂದಿತು. ಕಾನೂನು ಏನೇ ಆಗಲಿ, ನಮ್ಮ ಶಾಲೆಗಳಲ್ಲಿ ಹೆತ್ತವರನ್ನು ಕೂರಿಸಿ ಕೇಳಬಾರದೆಂದು ಯಾರೂ ಹೇಳಿಲ್ಲ. ಕಾಯ್ದೆಯಿಂದ ವಿನಾಯಿತಿ ಸಿಕ್ಕಿತೆಂದು ಸಂತೋಷಪಟ್ಟವರು ಹೊರಗಿನ ಕಣ್ಣೊಂದು ತಪ್ಪಿತೆಂದು ಸ್ವಲ್ಪ ಭಯಪಡಬೇಕಿತ್ತು ಎಂದು ನನ್ನ ಅಭಿಪ್ರಾಯ.

ಇತ್ತೀಚಿನ ವರ್ಷಗಳಲ್ಲಿ ಮುಖ್ಯೋಪಾಧ್ಯಾಯರ ತರಬೇತಿಗಳಲ್ಲಿಯೂ ಈ ವಿಷಯ ಬರುತ್ತಿದೆ. ದೆಹಲಿಯಲ್ಲಿ 2012ರಲ್ಲಿ ಶಾಲಾ ನಾಯಕತ್ವಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಕೆಲಸ ಮಾಡುತ್ತಿರುವಾಗಲೂ, ಮುಗಿದ ಮೇಲೂ ತಾನು ಮಾಡಿದ್ದನ್ನು ಕುರಿತು ಯೋಚಿಸುವವನೇ ನಿಜವಾದ ವೃತ್ತಿಪರ ಎಂದು ಅಮೆರಿಕದ ಡೊನಾಲ್ಡ್ ಶೋನ್ 1983ರಲ್ಲಿ ಬರೆದ ವಿಚಾರವನ್ನು ಅಂಥ ತರಬೇತಿಗಳಲ್ಲಿ ಹೇಳುತ್ತಾರೆ. ಒಳ್ಳೆಯ ವಿಚಾರ. ಆದರೆ ನಾನು ಹೋಗಿದ್ದ ಒಂದು ತರಬೇತಿಯಲ್ಲಿ ದಿನವೂ ಆತ್ಮಾವಲೋಕನ ಬರೆಯಲು ಒಂದು ನಮೂನೆ ಕೊಟ್ಟರು. ಕೊನೆಯ ದಿನ ಊಟದ ವಿರಾಮದಲ್ಲಿ ಹತ್ತು ದಿನಗಳದ್ದನ್ನೂ ಒಟ್ಟಿಗೆ ತುಂಬಿಸಿ ಕೊಟ್ಟವರಲ್ಲಿ ನಾನೂ ಒಬ್ಬ. ಬೇರೆಯವರು ನೋಡಲೆಂದು ಬರೆದ ಆತ್ಮ ವಿಚಾರಣೆಯಲ್ಲಿ ರಿಯಾ ಬೆರೆಯದೆ ಇರುವುದಿಲ್ಲ. ಮುಹಾಸಬದ ಪುಸ್ತಕವನ್ನು ಇನ್ಸ್‌ಪೆಕ್ಟರಿಗೆ ತೋರಿಸಬಾರದು. ಅದು ಕಪಾಟಿನಲ್ಲಿ ಇರದಿರುವುದೇ ಒಳ್ಳೆಯದು ಎಂದೂ ಅನಿಸುತ್ತದೆ.

ಹೆತ್ತವರೇ, ನಿಮ್ಮ ಪಾಲೂ ಇದರಲ್ಲಿದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇಕಡಾ ಎಷ್ಟು ಎಂದು ಮಾತ್ರ ನೀವು ಕೇಳಿದರೆ ಮುಖ್ಯೋಪಾಧ್ಯಾಯರೂ ಅದೊಂದೇ ಲೆಕ್ಕವನ್ನು ಇಡುತ್ತಾರೆ. ಒಂಬತ್ತನೇ ತರಗತಿಯಲ್ಲಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಹತ್ತಕ್ಕೆ ಬರಲಿಲ್ಲ, ಅವರು ಎಲ್ಲಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ. ಸಿಟ್ಟಿನಿಂದ ಬೇಡ, ಸಲಾಂ ಹೇಳಿ ಕೇಳಿ. ಮತ್ತು ಕೇಳುವ ಮೊದಲು ನಿಮ್ಮ ಮನೆಯಲ್ಲಿ ನಿಮ್ಮ ತಪ್ಪನ್ನು ಹೇಳುವ ಧೈರ್ಯ ಯಾರಿಗಿದೆ ಎಂದೂ ನೋಡಿಕೊಳ್ಳಿ. ಮನೆಯ ಯಜಮಾನರಿಗೂ ಮಸೀದಿಯ ಮುತವಲ್ಲಿಗೂ ಅದೇ ಕುರ್ಚಿ ಇದೆ.

ಆ ಹುಡುಗ ಏಳನೇ ತರಗತಿ ಮುಗಿಸಿ ಬೇರೆ ಶಾಲೆಗೆ ಹೋದ. ದಾರಿಯಲ್ಲಿ ಸಿಕ್ಕರೆ ಸಲಾಂ ಹೇಳುತ್ತಾನೆ, ನಾನು ಇನ್ನೊಂದು ಮಾತು ಆಡುವುದರೊಳಗೆ ಮುಂದೆ ಹೋಗಿರುತ್ತಾನೆ. ನಾನು ಈಗ ಮತ್ತೆ ಸಹಶಿಕ್ಷಕ. ಸವಳಂಗ ರಸ್ತೆಯಲ್ಲಿ ಮೇಲ್ಸೇತುವೆಯಾಗಿದೆ, ರೈಲಿಗಾಗಿ ಕಾಯುವ ಕಷ್ಟ ತಪ್ಪಿದೆ. ಆದರೂ ಮಕ್ಕಳು ತಡವಾಗಿ ಬರುತ್ತಾರೆ, ಅವರ ಮನೆಗಳಲ್ಲಿ ಕಾರಣಗಳಿಗೆ ಬರವಿಲ್ಲ. ವಾರಕ್ಕೊಮ್ಮೆ ಗೇಟಿನ ಸರದಿ ನನ್ನದು. ಗಂಟೆ ಹೊಡೆದ ಮೇಲೆ ಖಾಲಾ ಬೀಗ ಹಿಡಿದು ನನ್ನ ಮುಖ ನೋಡುತ್ತಾರೆ. ಆ ದಿನ ಇನ್ನೂ ಯಾರು ಬಂದಿಲ್ಲವೆಂದು ನಾನು ಮೊದಲು ಅವರನ್ನೇ ಕೇಳುತ್ತೇನೆ.